ಮರದ ಹಲಗೆಯೊಳಗಿನ ಹಕ್ಕಿ

1897ನೇ ಇಸವಿ. ಜರ್ಮನಿಯ ಕಲೋನ್ ನಗರಕ್ಕೆ ಸಮೀಪದ ಬ್ರೂಲ್ ಎಂಬ ಪುಟ್ಟ ಊರು. ಅಲ್ಲಿ ಆರು ವರ್ಷದ ಹುಡುಗನೊಬ್ಬ ದಡಾರ ಬಂದು ಮಲಗಿದ್ದ. ಮೈ ಕೆಂಡದಂತೆ ಸುಡುತ್ತಿತ್ತು. ಹಾಸಿಗೆಯ ಎದುರಿಗೇ ಒಂದು ಮರದ ಹಲಗೆ. ಅದು ನಿಜವಾದ ಮಹಾಗನಿಯಲ್ಲ, ಮಹಾಗನಿಯಂತೆ ಕಾಣಲೆಂದು ಗೆರೆ ಎಳೆದು ಬಣ್ಣ ಬಳಿದದ್ದು. ನೋಡಲು ಬೇರೇನೂ ಇಲ್ಲದ ಹುಡುಗ ಅದನ್ನೇ ನೋಡುತ್ತ ಮಲಗಿದ. ನೋಡನೋಡುತ್ತಿದ್ದಂತೆ ಗೆರೆಗಳಿಗೆ ಜೀವ ಬಂತು. ಮೊದಲು ಒಂದು ಕಣ್ಣು, ಆಮೇಲೆ ಒಂದು ಮೂಗು, ಆಮೇಲೆ ಹಕ್ಕಿಯ ತಲೆ. ಹೆದರಿಸಲು ಬಂದ ನೈಟಿಂಗೇಲ್ ಹಕ್ಕಿ ಅದು. ಹಕ್ಕಿ ಮರೆಯಾದರೆ ಅದೇ ಜಾಗದಲ್ಲಿ ಗಿರಗಿರನೆ ತಿರುಗುವ ಬುಗುರಿ.

ಜ್ವರದಲ್ಲಿ ಮಕ್ಕಳು ಇಂಥದ್ದನ್ನು ಕಾಣುವುದು ಹೊಸದೇನಲ್ಲ. ಜ್ವರ ಇಳಿದ ಮೇಲೆ ಮರೆಯುತ್ತಾರೆ. ಮರೆಯದಿದ್ದರೆ ಹಿರಿಯರು ಮರೆಸುತ್ತಾರೆ. ಈ ಹುಡುಗ ಮಾತ್ರ ಮರೆಯಲಿಲ್ಲ. ಅದೇ ವರ್ಷ ಆ ಮನೆಯಲ್ಲಿ ಒಂದು ಸಾವೂ ಆಯಿತು. ಅವನ ಅಕ್ಕ ಮರಿಯಾ ತಮ್ಮ ತಂಗಿಯರಿಗೆ ಮುತ್ತಿಟ್ಟು, ಕೆಲವೇ ಗಂಟೆಗಳಲ್ಲಿ ಕಣ್ಣು ಮುಚ್ಚಿದಳು. ಆ ವರ್ಷದ ಭಯ, ಬೆರಗು ಎರಡೂ ಹುಡುಗನ ಮನಸ್ಸಿನಲ್ಲಿ ಉಳಿದುಬಿಟ್ಟವು. ಇಪ್ಪತ್ತೇಳು ವರ್ಷಗಳ ನಂತರ ಆ ಹಕ್ಕಿ ಒಂದು ಕಲಾಕೃತಿಯಲ್ಲಿ ಹಾರಿತು. ಹುಡುಗನ ಹೆಸರು ಮ್ಯಾಕ್ಸ್ ಅರ್ನ್‌ಸ್ಟ್ (1891-1976). ಇಪ್ಪತ್ತನೇ ಶತಮಾನದ ಚಿತ್ರಕಲೆಗೆ ಹೊಸ ದಾರಿಗಳನ್ನು ತೆರೆದವರಲ್ಲಿ ಆತನದು ದೊಡ್ಡ ಹೆಸರು.

ಖಾಲಿ ಹಾಳೆಯ ಮುಂದೆ ಕುಳಿತ ವಿದ್ಯಾರ್ಥಿಗಳೆಲ್ಲ ಕೇಳುವ ಪ್ರಶ್ನೆ ಒಂದೇ: ‘ಏನು ಬರೆಯಲಿ?’ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರ ಇವು ಮುಗಿದ ಮೇಲೆ ಮುಂದೇನು? ಬಣ್ಣದ ಜೊತೆಗೆ ಕಾಗದ, ಬಟ್ಟೆ, ಮರದ ಚೂರು, ಎಲೆ ಎಲ್ಲವನ್ನೂ ಸೇರಿಸಿ ಮಾಡುವ ಮಿಶ್ರ ಮಾಧ್ಯಮದಲ್ಲಂತೂ ಈ ಪ್ರಶ್ನೆ ಇನ್ನೂ ಕಷ್ಟದ್ದು. ಸಾಮಗ್ರಿ ಕಣ್ಣಮುಂದೆ ರಾಶಿ ಬಿದ್ದಿರುತ್ತದೆ, ವಿಷಯ ಸಿಗುವುದಿಲ್ಲ. ಕನಸಿನಿಂದ ಸ್ಫೂರ್ತಿ ಪಡೆಯಿರಿ, ಪ್ರಕೃತಿಯಿಂದ ಸ್ಫೂರ್ತಿ ಪಡೆಯಿರಿ ಎಂದು ಹೇಳುವವರು ಬಹಳ. ಪಡೆಯುವುದು ಹೇಗೆ ಎಂಬುದನ್ನು ಮ್ಯಾಕ್ಸ್ ಅರ್ನ್‌ಸ್ಟ್‌ನ ಬದುಕು ಹಂತ ಹಂತವಾಗಿ ತೋರಿಸುತ್ತದೆ.

ಅಪ್ಪ ಕಡಿದ ಕೊಂಬೆ

ಹುಡುಗನ ತಂದೆ ಫಿಲಿಪ್ ಅರ್ನ್‌ಸ್ಟ್ ಕಿವುಡ ಮಕ್ಕಳ ಶಾಲೆಯಲ್ಲಿ ಶಿಕ್ಷಕರು. ಕಟ್ಟುನಿಟ್ಟಿನ ಮನುಷ್ಯ, ದೈವಭಕ್ತ. ಬಿಡುವಿನ ವೇಳೆಯಲ್ಲಿ ಚಿತ್ರ ಬರೆಯುವ ಹವ್ಯಾಸ. ಕಂಡದ್ದನ್ನು ಕಂಡಂತೆ ಬರೆಯಬೇಕು ಎಂಬುದು ಅವರ ನಿಯಮ. ಬೀಚ್ ಮರಗಳ ಕಾಡಿನ ನಡುವೆ ಒಬ್ಬಂಟಿಯಾಗಿ ಕುಳಿತು ಓದುತ್ತಿರುವ ಸನ್ಯಾಸಿಯ ಒಂದು ಜಲವರ್ಣ ಚಿತ್ರವನ್ನು ಅವರು ಬರೆದಿದ್ದರು. ಆ ಚಿತ್ರ ಪುಟ್ಟ ಮಗನನ್ನು ಬಹಳವಾಗಿ ಕಾಡಿತು. ತಂದೆಯೇ ಅವನನ್ನು ಮೊದಲ ಬಾರಿಗೆ ಕಾಡಿಗೆ ಕರೆದುಕೊಂಡು ಹೋದರು. ಬಯಲಿನಲ್ಲಿ ಉಸಿರಾಡಿದಷ್ಟು ಹಾಯೆನಿಸುವುದೂ ಕಾಡಿನಲ್ಲೇ, ಸುತ್ತಲೂ ಮರಗಳ ಸೆರೆಮನೆಯಲ್ಲಿ ಸಿಕ್ಕಿಬಿದ್ದಂತೆ ಅನ್ನಿಸುವುದೂ ಕಾಡಿನಲ್ಲೇ ಎಂಬುದು ಆ ಮಗುವಿಗೆ ಅಂದು ತಿಳಿಯಿತು.

ಒಮ್ಮೆ ಹುಡುಗ ಕೆಂಪು ಬಣ್ಣದ ರಾತ್ರಿಯ ಅಂಗಿಯಲ್ಲೇ, ಬರಿಗಾಲಿನಲ್ಲಿ ಮನೆಯಿಂದ ಹೊರಬಿದ್ದು ಯಾತ್ರಿಕರ ಮೆರವಣಿಗೆಯೊಂದನ್ನು ಸೇರಿಕೊಂಡ. ಹುಡುಕಿ ಮನೆಗೆ ತಂದ ಮೇಲೆ ಅಪ್ಪನ ಸಿಟ್ಟಿಗೆ ಹೆದರಿ, ತಾನು ಬಾಲ ಯೇಸು ಎಂದುಬಿಟ್ಟ. ಫಿಲಿಪ್ ಅವರ ಸಿಟ್ಟು ಅಲ್ಲಿಗೆ ಇಳಿಯಿತು. ಅವರು ಕುಂಚ ಹಿಡಿದು, ಮಗನನ್ನು ಜಗತ್ತಿಗೆ ಆಶೀರ್ವಾದ ಮಾಡುತ್ತಿರುವ ಬಾಲ ಯೇಸುವಾಗಿಯೇ ಚಿತ್ರಿಸಿದರು. ಮಗನ ಕಲ್ಪನೆ ಅಪ್ಪನಿಗೆ ಅರ್ಥವಾದ ಅಪರೂಪದ ಗಳಿಗೆ ಅದು.

ಇನ್ನೊಂದು ಪ್ರಸಂಗವನ್ನು ಅರ್ನ್‌ಸ್ಟ್ ದೊಡ್ಡವನಾದ ಮೇಲೂ ಹೇಳುತ್ತಿದ್ದ. ತಂದೆ ಮನೆಯ ತೋಟದ ಚಿತ್ರ ಬರೆಯುತ್ತಿದ್ದರಂತೆ. ಒಂದು ಕೊಂಬೆ ಚಿತ್ರದ ಅಂದಕ್ಕೆ ಅಡ್ಡಿಯಾಗುತ್ತಿತ್ತು. ಅದನ್ನು ಬರೆಯದೆ ಬಿಟ್ಟರು. ಚಿತ್ರವೇನೋ ಚೆನ್ನಾಗಿ ಬಂತು. ಆದರೆ ಚಿತ್ರಕ್ಕೂ ತೋಟಕ್ಕೂ ವ್ಯತ್ಯಾಸ ಉಳಿಯಿತಲ್ಲ! ಅವರು ಎದ್ದು ಹೋಗಿ ಮರದ ಆ ಕೊಂಬೆಯನ್ನೇ ಕಡಿದು ಹಾಕಿದರಂತೆ.

ಕೇಳಿದವರಿಗೆ ನಗು ಬರುವ ಕತೆ. ಆದರೆ ಹುಡುಗನಿಗೆ ನಗು ಬರಲಿಲ್ಲ. ಚಿತ್ರ ಸರಿಹೋಗಲೆಂದು ಮರವನ್ನು ಕಡಿಯುವುದು ಒಂದು ದಾರಿ. ಮರ ಇದ್ದಂತೆಯೇ ಇದ್ದು, ಅದು ಏನೇನಾಗಿ ಕಾಣುತ್ತದೆಂದು ಕಾದು ನೋಡುವುದು ಇನ್ನೊಂದು ದಾರಿ. ಕುಂಚ ಹಿಡಿಯುವ ಆಸೆ ಮಗನಿಗೆ ಬಂದದ್ದು ಅಪ್ಪನಿಂದಲೇ. ಆದರೆ ಆತ ಹಿಡಿದದ್ದು ಎರಡನೆಯ ದಾರಿ.

ಎರಡು ಮಳೆಯ ದಿನಗಳು

1909ರಲ್ಲಿ ಅರ್ನ್‌ಸ್ಟ್ ಬಾನ್ ವಿಶ್ವವಿದ್ಯಾಲಯ ಸೇರಿದ. ತತ್ವಶಾಸ್ತ್ರ, ಮನಃಶಾಸ್ತ್ರ, ಕಲಾ ಇತಿಹಾಸ ಓದಿದ. ಕನಸುಗಳಿಗೆ ಅರ್ಥವಿದೆ ಎಂದು ವಾದಿಸಿದ ಸಿಗ್ಮಂಡ್ ಫ್ರಾಯ್ಡ್‌ನ ಬರಹಗಳ ಪರಿಚಯವಾದದ್ದು ಆ ವರ್ಷಗಳಲ್ಲಿ. ಯಾವ ಕಲಾಶಾಲೆಯಲ್ಲೂ ಆತ ಚಿತ್ರ ಬರೆಯಲು ಕಲಿಯಲಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಆತನನ್ನು ಫಿರಂಗಿ ದಳಕ್ಕೆ ಸೇರಿಸಿದರು. ನಾಲ್ಕು ವರ್ಷ ರಣರಂಗದಲ್ಲೇ ಕಳೆಯಿತು. 1918ರಲ್ಲಿ ಹಿಂತಿರುಗಿದವನಿಗೆ, ಕಂಡದ್ದನ್ನು ಕಂಡಂತೆ ಚೆಂದವಾಗಿ ಬರೆಯುವುದರಲ್ಲಿ ನಂಬಿಕೆಯೇ ಉಳಿದಿರಲಿಲ್ಲ.

1919ರ ಒಂದು ಮಳೆಯ ದಿನ. ಹೊರಗೆ ಹೋಗುವಂತಿಲ್ಲ. ಕೈಗೆ ಸಿಕ್ಕಿದ್ದು ಶಾಲೆಗಳಿಗೆ ಪಾಠೋಪಕರಣ ಮಾರುವವರ ಒಂದು ಸಚಿತ್ರ ಪಟ್ಟಿ. ಪ್ರಾಣಿಗಳು, ಖನಿಜಗಳು, ಪಳೆಯುಳಿಕೆಗಳು, ಸೂಕ್ಷ್ಮದರ್ಶಕದಲ್ಲಿ ಕಾಣುವ ಜೀವಿಗಳು ಎಲ್ಲವೂ ಸಾಲಾಗಿ ಅಚ್ಚಾಗಿದ್ದವು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ನೋಡುತ್ತ ಕುಳಿತಂತೆ, ಈ ಸಂಬಂಧವಿಲ್ಲದ ವಸ್ತುಗಳೇ ಒಂದರ ಪಕ್ಕ ಒಂದು ನಿಂತು ಕನಸಿನಂಥ ದೃಶ್ಯಗಳನ್ನು ಕಟ್ಟತೊಡಗಿದವು.

ಆಗ ಅರ್ನ್‌ಸ್ಟ್ ಮಾಡಿದ ಕೆಲಸ ಸರಳವಾದದ್ದು. ಪಟ್ಟಿಯ ಪುಟವನ್ನೇ ತೆಗೆದುಕೊಂಡು, ಬೇಡವಾದದ್ದರ ಮೇಲೆ ಬಣ್ಣ ಬಳಿದು ಮುಚ್ಚಿದ. ಬೇಕಾದದ್ದನ್ನು ಹಾಗೇ ಉಳಿಸಿದ. ನಡುವೆ ಪೆನ್ಸಿಲಿನ ನಾಲ್ಕು ಗೆರೆ. 1920ರ ‘ಯಜಮಾನನ ಮಲಗುವ ಕೋಣೆ’ ಹುಟ್ಟಿದ್ದು ಹೀಗೆ. ಉದ್ದಕ್ಕೆ ಚಾಚಿಕೊಂಡ ಒಂದು ಕೋಣೆ. ಅದರಲ್ಲಿ ಮಂಚ, ಮೇಜುಗಳ ಜೊತೆಗೆ ಕರಡಿ, ಕುರಿ, ಹಾವು! ಒಂದೊಂದೂ ಶಾಲೆಯ ಮಗುವಿಗೆ ಗೊತ್ತಿರುವ ವಸ್ತುವೇ. ಒಟ್ಟಾಗಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಕನಸಿನ ಸ್ವಭಾವವೂ ಇದೇ ಅಲ್ಲವೆ? ಕನಸಿನಲ್ಲಿ ಕಾಣುವ ಮನೆ ನಮ್ಮದೇ, ಶಾಲೆ ನಮ್ಮದೇ, ಜನರೂ ನಮ್ಮವರೇ. ಆದರೆ ಶಾಲೆಯ ಬಾಗಿಲು ತೆರೆದರೆ ಅಡುಗೆಮನೆ ಇರುತ್ತದೆ. ಕನಸು ಹೊಸ ವಸ್ತುಗಳನ್ನು ತರುವುದಿಲ್ಲ, ಹಳೆಯ ವಸ್ತುಗಳಿಗೆ ಹೊಸ ನೆರೆಹೊರೆ ಕೊಡುತ್ತದೆ. ಮಿಶ್ರ ಮಾಧ್ಯಮದ ಕಲಾವಿದ ಮಾಡುವುದೂ ಅದನ್ನೇ.

1922ರಲ್ಲಿ ಅರ್ನ್‌ಸ್ಟ್ ಪ್ಯಾರಿಸ್‌ಗೆ ಹೋದ. 1924ರಲ್ಲಿ ಕವಿ ಆಂದ್ರೆ ಬ್ರೆಟನ್ ಅಲ್ಲಿ ಸರ್ರಿಯಲಿಸಂ ಪಂಥದ ಪ್ರಣಾಳಿಕೆ ಹೊರಡಿಸಿದ. ಕನಸಿಗೂ ಎಚ್ಚರಕ್ಕೂ ನಡುವಿನ ಗೋಡೆಯನ್ನು ಒಡೆಯಬೇಕೆಂಬುದು ಆ ಪಂಥದ ಹಂಬಲ. ಜ್ವರದ ಹಕ್ಕಿ ಚಿತ್ರಕ್ಕೆ ಬಂದದ್ದು ಅದೇ ವರ್ಷ. ‘ನೈಟಿಂಗೇಲ್ ಹಕ್ಕಿಗೆ ಹೆದರಿದ ಇಬ್ಬರು ಮಕ್ಕಳು’ ಎಂದು ಕರೆಯಬಹುದಾದ ಆ ಕೃತಿ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಸುಮಾರು 70 ಸೆಂಟಿಮೀಟರ್ ಎತ್ತರದ ಮರದ ಹಲಗೆ. ಮೇಲೆ ತಿಳಿಯಾದ ನೀಲಿ ಆಕಾಶ. ಒಬ್ಬ ಹುಡುಗಿ ನೆಲಕ್ಕೆ ಬಿದ್ದಿದ್ದಾಳೆ, ಇನ್ನೊಬ್ಬಳು ಕೈಯಲ್ಲಿ ಚಾಕು ಹಿಡಿದು ಓಡುತ್ತಿದ್ದಾಳೆ. ಮನೆಯ ಮಾಡಿನ ಮೇಲೆ ಒಬ್ಬ ಗಂಡಸು ಮಗುವನ್ನು ಎತ್ತಿಕೊಂಡು ಓಡುತ್ತಿದ್ದಾನೆ. ಇಷ್ಟೆಲ್ಲ ಗಾಬರಿಗೆ ಕಾರಣ ಆಕಾಶದಲ್ಲಿರುವ ಒಂದು ಪುಟ್ಟ ಹಕ್ಕಿ. ಆದರೆ ನೋಡುವವರನ್ನು ಮೊದಲು ಸೆಳೆಯುವುದು ಹಕ್ಕಿಯಲ್ಲ. ಹಲಗೆಗೆ ಕೂಡಿಸಿರುವ ನಿಜವಾದ ಮರದ ಗೇಟು. ಅದು ಚೌಕಟ್ಟಿನಾಚೆಗೆ ತೆರೆದುಕೊಂಡು ನಿಂತಿದೆ. ಬಲಗಡೆ ಒಂದು ಗುಬುಟು, ಮಾಡಿನ ಮೇಲಿನ ಮನುಷ್ಯ ಅದಕ್ಕೆ ಕೈ ಚಾಚಿದ್ದಾನೆ. ಬಣ್ಣದಲ್ಲಿ ಬರೆದ ಗೇಟನ್ನು ನೋಡಿ ಸುಮ್ಮನಾಗಬಹುದು. ಮರದ ಗೇಟು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಕನಸು ಕೈಗೆ ಸಿಗುವಷ್ಟು ಹತ್ತಿರ ಬರಲೆಂದೇ ಆತ ಮರ ಬಳಸಿದ. ಸಾಮಗ್ರಿ ಅಲಂಕಾರಕ್ಕಲ್ಲ, ಅಗತ್ಯಕ್ಕೆ ಬರಬೇಕು ಎಂಬ ಪಾಠ ಇಲ್ಲಿದೆ.

ಎರಡನೆಯ ಮಳೆ ಬಂದದ್ದು 1925ರ ಆಗಸ್ಟ್ 10ರಂದು. ಫ್ರಾನ್ಸಿನ ಕಡಲತೀರದ ಪೋರ್ನಿಕ್ ಎಂಬ ಊರಿನ ವಸತಿಗೃಹದಲ್ಲಿ ಅರ್ನ್‌ಸ್ಟ್ ತಂಗಿದ್ದ. ಮಳೆಯಿಂದಾಗಿ ಕೋಣೆಯಲ್ಲೇ ಬಂದಿ. ನೆಲಕ್ಕೆ ಹಾಸಿದ್ದ ಹಲಗೆಗಳು ಸಾವಿರ ಸಲ ತೊಳೆದು ತಿಕ್ಕಿ ಸವೆದಿದ್ದವು. ಸವೆದಷ್ಟೂ ಮರದ ಗೆರೆಗಳು ಎದ್ದು ಕಾಣುತ್ತಿದ್ದವು. ಬಾಲ್ಯದ ಜ್ವರದ ಹಲಗೆ ನೆನಪಾಯಿತು. ಈ ಬಾರಿ ಬರಿದೆ ನೋಡುತ್ತ ಕೂರಲಿಲ್ಲ. ನೆಲದ ಮೇಲೆ ಎಲ್ಲೆಂದರಲ್ಲಿ ಕಾಗದದ ಹಾಳೆಗಳನ್ನು ಹಾಕಿ, ಮೇಲಿನಿಂದ ಸೀಸದ ಕಡ್ಡಿಯಿಂದ ಉಜ್ಜಿದ. ಗೆರೆಗಳು ಹಾಳೆಗೆ ಇಳಿದು ಬಂದವು.

ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಸಿಂಹಗಳನ್ನು ಮೂಡಿಸದ ಮಗು ನಮ್ಮಲ್ಲಿ ಸಿಗುವುದು ಅಪರೂಪ. ಅದೇ ಆಟ ಇದು. ಅರ್ನ್‌ಸ್ಟ್ ಅದಕ್ಕೆ ಫ್ರೊಟಾಜ್ ಎಂದು ಹೆಸರಿಟ್ಟ; ಫ್ರೆಂಚ್ ಭಾಷೆಯಲ್ಲಿ ಉಜ್ಜುವುದು ಎಂದರ್ಥ. ವ್ಯತ್ಯಾಸ ಇರುವುದು ಮುಂದಿನ ಹೆಜ್ಜೆಯಲ್ಲಿ. ನಾಣ್ಯ ಉಜ್ಜಿದ ಮಗುವಿಗೆ ನಾಣ್ಯವೇ ಬೇಕು. ಅರ್ನ್‌ಸ್ಟ್‌ಗೆ ಹಲಗೆ ಬೇಕಿರಲಿಲ್ಲ, ಹಲಗೆ ಮತ್ತೇನಾಗಬಲ್ಲದು ಎಂಬುದು ಬೇಕಿತ್ತು. ಮೂಡಿದ ಗೆರೆಗಳನ್ನು ಬಹಳ ಹೊತ್ತು ನೋಡುವುದು. ಅಲ್ಲೊಂದು ಕಡಲು, ಇಲ್ಲೊಂದು ಕಾಡು, ಮತ್ತೊಂದು ಕಡೆ ಪ್ರಾಣಿ ಕಂಡಾಗ ಅದನ್ನು ಉಳಿಸಿಕೊಂಡು ಬೆಳೆಸುವುದು. ಹಲಗೆಯಾದ ಮೇಲೆ ಎಲೆಗಳು, ಗೋಣಿತಾಟಿನ ಹರಿದ ಅಂಚು, ಉಂಡೆ ಬಿಚ್ಚಿದ ದಾರ ಎಲ್ಲವನ್ನೂ ಕಾಗದದ ಕೆಳಗಿಟ್ಟು ಉಜ್ಜಿದ. ಹೀಗೆ ಬಂದ ಚಿತ್ರಗಳಲ್ಲಿ 34ನ್ನು ಆರಿಸಿ 1926ರಲ್ಲಿ ‘ನಿಸರ್ಗ ಚರಿತ್ರೆ’ ಎಂಬ ಅರ್ಥದ ಹೆಸರಿನಲ್ಲಿ ಪ್ರಕಟಿಸಿದ. ಹೆಸರು ವಿಜ್ಞಾನದ ಪುಸ್ತಕದ್ದು, ಒಳಗಿರುವುದು ಎಲ್ಲೂ ಇಲ್ಲದ ಜೀವಜಂತುಗಳು. ಆದರೂ ಒಂದೊಂದು ಗೆರೆಯೂ ನಿಜವಾದ ಮರದ್ದು, ನಿಜವಾದ ಎಲೆಯದ್ದು. ಕನಸೂ ಪ್ರಕೃತಿಯೂ ಒಂದೇ ಹಾಳೆಯಲ್ಲಿ ಕೂಡಿದ್ದು ಇಲ್ಲಿ.

ಈ ನೋಟ ಅರ್ನ್‌ಸ್ಟ್ ಒಬ್ಬನದೇ ಅಲ್ಲ. ಆತನಿಗಿಂತ ನಾಲ್ಕು ನೂರು ವರ್ಷ ಹಿಂದೆಯೇ ಇಟಲಿಯ ಲಿಯೊನಾರ್ಡೊ ಡ ವಿಂಚಿ ಎಳೆಯ ಚಿತ್ರಕಾರರಿಗೆ ಇದೇ ಸಲಹೆ ಕೊಟ್ಟಿದ್ದ. ಕಲೆಬಿದ್ದ ಗೋಡೆ, ಒಲೆಯ ಬೂದಿ, ಮೋಡ, ಕೆಸರು ಇವುಗಳನ್ನು ನಿಂತು ನೋಡಿದರೆ ಅವುಗಳಲ್ಲಿ ಬೆಟ್ಟಗುಡ್ಡಗಳು, ಕಾಳಗಗಳು, ಮುಖಗಳು ಕಾಣುತ್ತವೆ ಎಂದು ಬರೆದಿಟ್ಟಿದ್ದ. ಆದರೆ ಕಲೆಗಳು ವಿಷಯ ಕೊಟ್ಟಾವೇ ಹೊರತು, ಅದನ್ನು ಬರೆದು ಮುಗಿಸುವುದನ್ನು ಕಲಿಸಲಾರವು ಎಂದೂ ಎಚ್ಚರಿಸಿದ್ದ. ಅರ್ನ್‌ಸ್ಟ್ ಆ ಪಾಠವನ್ನು ಓದಿದ್ದ, ಮರೆಯಲಿಲ್ಲ.

ಕಾಡು ಮರಳಿ ಬಂತು

ಕಾಗದದ ಮೇಲೆ ಉಜ್ಜಿದ್ದನ್ನು ಅರ್ನ್‌ಸ್ಟ್ ಎಣ್ಣೆಬಣ್ಣಕ್ಕೂ ತಂದ. ಬಣ್ಣ ಬಳಿದ ಕ್ಯಾನ್‌ವಾಸಿನ ಕೆಳಗೆ ಒರಟು ವಸ್ತುಗಳನ್ನಿಟ್ಟು ಮೇಲಿನಿಂದ ಬಣ್ಣ ಕೆರೆದರೆ, ಉಬ್ಬಿದ ಕಡೆ ಬಣ್ಣ ಹೋಗಿ ಆ ವಸ್ತುವಿನ ಅಚ್ಚು ಉಳಿಯುತ್ತದೆ. ಇದಕ್ಕೆ ಗ್ರಾಟಾಜ್ ಎಂದು ಹೆಸರು. 1927ರ ಸುಮಾರಿಗೆ ಈ ಕ್ರಮದಲ್ಲಿ ಆತ ಸಾಲುಸಾಲಾಗಿ ಕಾಡುಗಳನ್ನು ಚಿತ್ರಿಸಿದ. ಒತ್ತೊತ್ತಾಗಿ ನಿಂತ ಕಪ್ಪು ಮರಗಳು, ಹಿಂದೆ ಉಂಗುರದಂಥ ಸೂರ್ಯ, ಕೆಲವದರಲ್ಲಿ ಮರಗಳ ನಡುವೆ ಸಿಕ್ಕಿಬಿದ್ದ ಒಂದು ಹಕ್ಕಿ. ಅಪ್ಪನ ಕೈ ಹಿಡಿದು ಹೋಗಿದ್ದ ಮಗು ಕಂಡ ಕಾಡೇ ಅದು. ಅಷ್ಟು ವರ್ಷ ಮನಸ್ಸಿನಲ್ಲಿದ್ದ ಹೆದರಿಕೆಗೆ ಕೊನೆಗೂ ಒಂದು ರೂಪ ಸಿಕ್ಕಿತು.

ಇಂಥ ಚಿತ್ರಗಳನ್ನು ಸಹಿಸದವರೂ ಇದ್ದರು. ಕೊಂಬೆ ಕಡಿಯುವ ಕೆಲಸವನ್ನು ಮುಂದೆ ಒಂದು ಸರ್ಕಾರವೇ ಕೈಗೆತ್ತಿಕೊಂಡಿತು. 1937ರಲ್ಲಿ ನಾತ್ಸಿಗಳು ಮ್ಯೂನಿಕ್‌ನಲ್ಲಿ, ತಮಗೆ ಬೇಡವಾದ ಕಲೆಯನ್ನೆಲ್ಲ ‘ಕೆಟ್ಟುಹೋದ ಕಲೆ’ ಎಂದು ಹೀಯಾಳಿಸಲು ಪ್ರದರ್ಶನವೊಂದನ್ನು ಏರ್ಪಡಿಸಿದರು. ಅಲ್ಲಿ ಅರ್ನ್‌ಸ್ಟ್‌ನ ಚಿತ್ರವೂ ಇತ್ತು. 1923ರ ಆ ಕೃತಿ ಮತ್ತೆ ಸಿಗಲೇ ಇಲ್ಲ. 1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾದಾಗ ಫ್ರಾನ್ಸಿನಲ್ಲಿದ್ದ ಅರ್ನ್‌ಸ್ಟ್‌ನನ್ನು, ಜರ್ಮನಿಯವನೆಂಬ ಕಾರಣಕ್ಕೆ, ಹೆಂಚು ಇಟ್ಟಿಗೆಗಳ ಕಾರ್ಖಾನೆಯೊಂದನ್ನೇ ಶಿಬಿರವಾಗಿ ಮಾಡಿ ಅದರಲ್ಲಿ ಕೂಡಿಹಾಕಿದರು. ಬಿಡುಗಡೆಯಾದ ಮೇಲೆ ಒಂದು ದೊಡ್ಡ ಚಿತ್ರ ಶುರುಮಾಡಿ, 1941ರಲ್ಲಿ ಅಮೆರಿಕಕ್ಕೆ ಪಾರಾಗಿ ಹೋಗಿ, 1942ರಲ್ಲಿ ಅದನ್ನು ಮುಗಿಸಿದ. ‘ಮಳೆಯ ನಂತರದ ಯುರೋಪ್’ ಎಂಬ ಆ ಚಿತ್ರಕ್ಕೂ ಬಳಸಿದ್ದು ಹಸಿಬಣ್ಣದ ಮೇಲೆ ಗಾಜು ಅಥವಾ ಕಾಗದ ಒತ್ತಿ ಎತ್ತುವ ಕ್ರಮವನ್ನೇ. ಎತ್ತಿದಾಗ ಬಣ್ಣ ಹವಳದಂತೆ, ಪಾಚಿ ಹಿಡಿದ ಬಂಡೆಯಂತೆ ಬಿರಿದು ನಿಲ್ಲುತ್ತದೆ. ಹಾಳುಬಿದ್ದ ಒಂದು ಖಂಡವೇ ಅಲ್ಲಿ ಕಾಣುತ್ತದೆ.

1946ರಲ್ಲಿ ಆತ ಅರಿಜೋನಾದ ಸೆಡೋನಾ ಎಂಬಲ್ಲಿ ಪತ್ನಿ, ಚಿತ್ರಕಲಾವಿದೆ ಡೊರೊಥಿಯಾ ಟ್ಯಾನಿಂಗ್ ಜೊತೆ ನೆಲೆಸಿದ. ಸುತ್ತಲೂ ಕೆಂಪು ಬಂಡೆಗಳ ಮರುಭೂಮಿ. ಆ ಬಂಡೆಗಳಂಥ ನೋಟವನ್ನು ಆತ ಕಾಣುವುದಕ್ಕೂ ಮೊದಲೇ ಚಿತ್ರಗಳಲ್ಲಿ ಬರೆದಿದ್ದ. 1948ರಲ್ಲಿ ಮನೆಯಂಗಳದಲ್ಲಿ ಸಿಮೆಂಟು, ಗುಜರಿ ಕಬ್ಬಿಣ ಬಳಸಿ ‘ಮಕರ’ ಎಂಬ ದೊಡ್ಡ ಶಿಲ್ಪ ಕಟ್ಟಿದ. 1954ರಲ್ಲಿ ವೆನಿಸ್‌ನ ಅಂತರರಾಷ್ಟ್ರೀಯ ಕಲಾಮೇಳದಲ್ಲಿ ಚಿತ್ರಕಲೆಯ ದೊಡ್ಡ ಬಹುಮಾನ ಬಂತು. ಆಗ ವಯಸ್ಸು 63.

ಮನೆಯಲ್ಲಿ ಮಾಡಿ ನೋಡಲು

ಇಷ್ಟೆಲ್ಲ ಓದಿದ ವಿದ್ಯಾರ್ಥಿಗೆ ಕೈಯಲ್ಲಿ ಮಾಡಿ ನೋಡುವ ಆಸೆ ಹುಟ್ಟಿದರೆ ಖರ್ಚೇನೂ ಇಲ್ಲ. ತೆಳುವಾದ ಬಿಳಿ ಕಾಗದ, ಮೆತ್ತನೆಯ 4ಬಿ ಅಥವಾ 6ಬಿ ಪೆನ್ಸಿಲ್ ಸಾಕು. ಎಲೆಯನ್ನು ಬೋರಲಾಗಿ, ನರಗಳು ಎದ್ದಿರುವ ಹಿಂಬದಿ ಮೇಲೆ ಬರುವಂತೆ ಇಡಬೇಕು. ಕಾಗದ ಅಲುಗದಂತೆ ಹಿಡಿದು, ಪೆನ್ಸಿಲಿನ ಮೊನೆಯಿಂದಲ್ಲ, ಪಕ್ಕದಿಂದ ಹಗುರವಾಗಿ ಉಜ್ಜಬೇಕು. ಅಶ್ವತ್ಥದ ಎಲೆ, ಹಲಸಿನ ಎಲೆ, ಮೊರದ ಹೆಣಿಗೆ, ಚಾಪೆ, ಗೋಣಿಚೀಲ, ಹಳೆಯ ಬಾಗಿಲು ಒಂದೊಂದೂ ಒಂದೊಂದು ರೀತಿ. ಪೆನ್ಸಿಲಿನ ಬದಲು ಮೇಣದ ಬಣ್ಣದಿಂದ ಉಜ್ಜಿ, ಅದರ ಮೇಲೆ ತೆಳುವಾಗಿ ನೀರುಬಣ್ಣ ಬಳಿದರೆ, ಮೇಣ ನೀರನ್ನು ಹಿಡಿಯದ ಕಾರಣ ನರಗಳು ಹಾಗೇ ಉಳಿದು ನಡುವೆ ಮಾತ್ರ ಬಣ್ಣ ತುಂಬುತ್ತದೆ.

ಎಲೆ, ತೊಗಟೆಗಳನ್ನೇ ಅಂಟಿಸುವುದಾದರೆ ಮೊದಲು ವೃತ್ತಪತ್ರಿಕೆಯ ನಡುವೆ ಭಾರವಿಟ್ಟು ಚೆನ್ನಾಗಿ ಒಣಗಿಸಬೇಕು; ಹಸಿಯಾಗಿ ಅಂಟಿಸಿದರೆ ಬೂಷ್ಟು ಹಿಡಿಯುತ್ತದೆ. ವೃತ್ತಪತ್ರಿಕೆಯ ಚೂರುಗಳು ಬಿಸಿಲಿಗೆ ಬೇಗ ಹಳದಿಯಾಗುತ್ತವೆ ಎಂಬುದೂ ನೆನಪಿರಲಿ.

ಕನಸಿಗೆ ಬೇಕಾದದ್ದು ದಿಂಬಿನ ಪಕ್ಕ ಒಂದು ನೋಟ್ ಪುಸ್ತಕ. ಎದ್ದು ಮುಖ ತೊಳೆಯುವಷ್ಟರಲ್ಲಿ ಕನಸು ಕರಗಿಹೋಗುತ್ತದೆ. ಕತೆಯನ್ನೆಲ್ಲ ಬರೆಯಬೇಕಾಗಿಲ್ಲ. ಕಂಡ ಎರಡು ವಸ್ತುಗಳ ಹೆಸರು, ಅವು ಯಾವ ಜಾಗದಲ್ಲಿದ್ದವು, ಹೆದರಿಕೆಯಾಯಿತೋ ಖುಷಿಯಾಯಿತೋ ಇಷ್ಟು ಬರೆದಿಟ್ಟರೆ ಸಾಕು. ಉಜ್ಜಿದ ಹಾಳೆಗಳನ್ನು ಹರಡಿಕೊಂಡು ಕುಳಿತ ದಿನ ಆ ಪುಸ್ತಕ ತೆರೆದರೆ, ಯಾವ ಎಲೆ ಯಾವ ಕನಸಿನ ಮರವಾಗಬೇಕೆಂಬುದು ಹೊಳೆಯಬಹುದು. ಹೊಳೆಯದಿದ್ದರೆ ಇನ್ನಷ್ಟು ಹೊತ್ತು ನೋಡಬೇಕು. ಎರಡು ಮಳೆಯ ದಿನಗಳ ನಡುವೆ ಅರ್ನ್‌ಸ್ಟ್ ಆರು ವರ್ಷ ಕೆಲಸ ಮಾಡಿದ್ದನೆಂಬುದನ್ನು ಮರೆಯಬಾರದು.

ಪಾಲಕರ ಪಾಲಿನದು ಸಣ್ಣ ಕೆಲಸ, ಆದರೆ ಕಷ್ಟದ್ದು. ಮಗು ಸೋರಿದ ಗೋಡೆಯ ಕಲೆಯನ್ನೋ, ನೆಲದ ಬಿರುಕನ್ನೋ ನೋಡುತ್ತ ಕೂತಾಗ ‘ಸುಮ್ಮನೆ ಯಾಕೆ ಕೂತಿದ್ದೀ, ಪುಸ್ತಕ ತೆಗಿ’ ಎಂದು ಗದರುವ ಮೊದಲು ಐದು ನಿಮಿಷ ಬಿಡುವುದು. ಹಾಳೆಯ ಮೇಲೆ ಏನೋ ಗೀಚಿ ತಂದಾಗ ‘ಇದೇನು?’ ಎಂದು ಕೂಡಲೇ ಕೇಳದಿರುವುದು. ಅದು ಏನೆಂದು ಮಗುವಿಗೂ ಆಗ ತಿಳಿದಿರುವುದಿಲ್ಲ. ಕೇಳಿದರೆ, ಹಿರಿಯರಿಗೆ ಒಪ್ಪಿಗೆಯಾಗುವ ಒಂದು ಹೆಸರು ಹೇಳಿ ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ‘ಇದರಲ್ಲಿ ಇನ್ನೇನು ಕಾಣಿಸುತ್ತೆ?’ ಎಂದು ಕೇಳಿದರೆ ಮತ್ತೆ ನೋಡಲು ಶುರುಮಾಡುತ್ತದೆ.

ಫಿಲಿಪ್ ಅರ್ನ್‌ಸ್ಟ್ ಕೆಟ್ಟ ತಂದೆಯಲ್ಲ. ಮಗನನ್ನು ಕಾಡಿಗೆ ಕರೆದೊಯ್ದವರು ಅವರೇ, ಕೆಂಪು ಅಂಗಿಯ ಹುಡುಗನನ್ನು ದೇವರ ಮಗನಾಗಿ ಬರೆದವರೂ ಅವರೇ. ಚಿತ್ರ ಸರಿಯಿರಬೇಕೆಂಬ ಆತುರದಲ್ಲಿ ಅವರೊಮ್ಮೆ ಕೊಂಬೆ ಕಡಿದರು, ಅಷ್ಟೆ. ಅಂಥ ಆತುರ ಇಂದಿನ ಅಪ್ಪ ಅಮ್ಮಂದಿರಿಗೂ ಹೊಸದಲ್ಲ. ಬ್ರೂಲ್ ಊರಿನಲ್ಲಿ 2005ರಲ್ಲಿ ಒಂದು ಸಂಗ್ರಹಾಲಯ ತೆರೆಯಿತು. ಅದರ ಬಾಗಿಲಲ್ಲಿರುವುದು, ಜ್ವರದಲ್ಲಿ ಮಲಗಿ ಹಲಗೆಯನ್ನು ನೋಡುತ್ತಿದ್ದ ಆ ಹುಡುಗನ ಹೆಸರು.